ಕೆಂಪು ಚೆಂಡಿನ ಮುಂದೆ ಚೂಟಿ

ಜನವರಿ 9

ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಎದುರುಮನೆಯಾಕೆಯ ದೂರು. ಚೂಟಿ ಹೊಡೆದ ಸಿಕ್ಸರ್ ಅವರ ಒಣಹಾಕಿದ ಬಟ್ಟೆ ಮೇಲೆ ಬಿದ್ದಿದೆ. "ಹುಡುಗಿ ಕೈ ಇಷ್ಟು ಬಿರುಸಾ?" ಎಂದರು. ತಪ್ಪಾಯಿತು ಎಂದೆ. ಒಳಗೊಳಗೇ ಉಬ್ಬಿದೆ. ಇನ್ನೂ ಹನ್ನೊಂದು ವರ್ಷ ನನ್ನ ಮಗಳಿಗೆ!

ಕ್ರಿಕೆಟ್ ಕ್ಲಬ್ಬಿನ ಕೋಚ್ ಸಹ ಸಿಕ್ಕಿದ್ದರು. "ಟೆನಿಸ್ ಬಾಲ್ ಸಾಕು ಮೇಡಂ. ಲೆದರ್ ಬಾಲ್ ಶುರು ಮಾಡ್ಸಿ. ಬೇಸಿಗೇಲಿ ಹುಡುಗೀರ ಟೀಮ್ ಆರಿಸ್ತೀವಿ."

ಜನವರಿ 17

ಪ್ಯಾಡ್, ಗ್ಲೌಸ್, ಹೆಲ್ಮೆಟ್. ಎಲ್ಲ ತೊಟ್ಟು ಕನ್ನಡಿ ಮುಂದೆ ನಿಂತಳು. ಅತ್ತೆಗೆ ನಗು. "ಯುದ್ಧಕ್ಕೆ ಹೊರಟ್ಯೇನೇ?"

ಕೆಂಪು ಲೆದರ್ ಚೆಂಡು ಕೈಗೆ ತೆಗೆದುಕೊಂಡಾಗ ಮಾತ್ರ ಮುಖ ಸ್ವಲ್ಪ... "ಅಮ್ಮಾ, ಇದು ಕಲ್ಲು ಇದ್ದಂಗಿದೆ."

"ಅಭ್ಯಾಸ ಆಗುತ್ತೆ ಬಿಡು." ನಾನೂ ಅದನ್ನು ಮುಟ್ಟಿದ್ದು ಇದೇ ಮೊದಲು.

ಜನವರಿ 25

ದಿನಾ ಅಂಗಡಿಗೆ ಹೊರಡುವ ಮುನ್ನ, ಕಟ್ಟಡದ ಹಿಂದೆ. ಕೋಚ್ ಹೇಳಿಕೊಟ್ಟಂತೆ ಹತ್ತಿರದಿಂದ, ಮೆಲ್ಲಗೆ ಎಸೆಯುತ್ತೇನೆ. ಚೆನ್ನಾಗಿ ಆಡುತ್ತಿದ್ದಾಳೆ. ಬ್ಯಾಟಿಗೆ ಸರಿಯಾಗಿ ಬಿದ್ದಾಗ ಬರುವ ಆ ಸದ್ದೇ ಬೇರೆ.

"ಜೋರಾಗಿ ಹಾಕಮ್ಮ. ನಾನೇನು ಪಾಪುನಾ?"

ಜನವರಿ 28, ಸಂಜೆ

ಜೋರಾಗಿ ಹಾಕಿದೆ.

ಪಕ್ಕೆಗೆ ಬಿತ್ತು. ಕೂಗಲಿಲ್ಲ. ಕುಸಿದು ಕೂತಳು. ಉಸಿರು ಸಿಗದೆ ಬಾಯಿ ತೆರೆದು ನನ್ನನ್ನೇ ನೋಡಿದಳು.

ಮೂಳೆಗೇನೂ ಆಗಿಲ್ಲ, ಊತ ಅಷ್ಟೆ, ಎಂದರು ಡಾಕ್ಟರ್. ಇವರು, ಚೂಟಿಯ ಅಪ್ಪ, ಅವಳನ್ನು ಎತ್ತಿಕೊಂಡು ನನ್ನನ್ನು ಬಿಟ್ಟು ಮುಂದೆ ನಡೆದರು. ಬೈದಿದ್ದರೆ ವಾಸಿಯಿತ್ತು.

ಫೆಬ್ರವರಿ 16

ಊತ ಇಳಿದಿದೆ. ಆದರೆ ಚೆಂಡು ನನ್ನ ಕೈ ಬಿಡುವ ಮೊದಲೇ ಅವಳ ಕಾಲು ಪಕ್ಕಕ್ಕೆ ಓಡುತ್ತದೆ. ಕಣ್ಣು ಮುಚ್ಚಿಬಿಡುತ್ತಾಳೆ.

"ಪಕ್ಕಕ್ಕೆ ಸರೀಬಾರ್ದು ಅಂತ್ಲೇ ನಿಂತ್ಕೋತೀನಮ್ಮ. ಕಾಲು ಕೇಳಲ್ಲ."

ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಬೇರೆಯವರ ಮೂಗಿನ ಮೇಲೆ ಫ್ರೇಮ್ ಕೂರಿಸುತ್ತೇನೆ. ಮಗಳಿಗೆ ಕಣ್ಣು ತೆರೆದು ನಿಲ್ಲಲು ಹೇಳಿಕೊಡುವುದು ಹೇಗೆಂದು ಗೊತ್ತಾಗುತ್ತಿಲ್ಲ.

ಮಾರ್ಚ್ 4

ಎಲ್ಲರದ್ದೂ ಒಂದೊಂದು ಮಾತು. ಕೋಚ್ — "ಭಯ ಓಡಿಸಿ ಮೇಡಂ." ಅತ್ತೆ — "ಭಯ ಏನು ಅಡುಗೆಮನೆಗೆ ನುಗ್ಗಿದ ಬೆಕ್ಕಾ, ಓಡ್ಸೋಕೆ?" ಇವರು — "ಬಿಟ್ಬಿಡು. ಮಗೂನ ಹಿಂಡ್ಬೇಡ."

ಬಿಡಲಿಲ್ಲ. ಸ್ಪಾಂಜ್ ಚೆಂಡಿನಿಂದ ಮತ್ತೆ ಶುರು ಮಾಡಿದೆ. ಆಮೇಲೆ ರಬ್ಬರ್. ಒಂದೊಂದೇ ಮೆಟ್ಟಿಲು ಹತ್ತುತ್ತಾಳೆ. ಚೀಲದಿಂದ ಕೆಂಪು ಚೆಂಡು ಹೊರಬಂತೋ, ಮತ್ತೆ ನೆಲ.

ಏಪ್ರಿಲ್ 2

ಆಯ್ಕೆ. ಬೇಲಿ ಆಚೆ ನಿಂತಿದ್ದೆ.

ಮೊದಲ ಚೆಂಡಿಗೇ ಸ್ಟಂಪ್ ಬಿಟ್ಟು ದೂರ ಸರಿದಳು. ಬೌಲ್ಡ್. ಕೋಚ್ ಒಳ್ಳೆಯವರು, ಇನ್ನೊಂದು ಅವಕಾಶ ಕೊಟ್ಟರು. ಮತ್ತೆ ಅದೇ. ಪಕ್ಕದಲ್ಲಿ ಯಾರೋ ನಕ್ಕರು — ಬೇರೆ ಯಾವುದಕ್ಕೋ ಇರಬಹುದು.

ಮನೆ ಮುಟ್ಟುವವರೆಗೂ ಹೆಲ್ಮೆಟ್ ತೆಗೆಯಲಿಲ್ಲ. ಅದರೊಳಗೇ ಅಳುತ್ತಿದ್ದಳು.

ಮಲಗುವಾಗ ಹೇಳಿದಳು, "ನೀನು ಜೋರಾಗಿ ಹಾಕಿದ್ದಕ್ಕಲ್ಲಮ್ಮ."

ನಾನು ಆ ಪ್ರಶ್ನೆ ಕೇಳಿರಲೇ ಇಲ್ಲ.

ಏಪ್ರಿಲ್ 19

ಕಿಟ್ ಮಂಚದ ಕೆಳಗೆ ತಳ್ಳಿಯಾಯಿತು. ಕೆಳಗಿನಿಂದ ಬೀದಿ ಹುಡುಗರ ಕೂಗು — "ಆಂಟೀ, ಚೂಟೀನ ಕಳ್ಸಿ!" ಕಳಿಸಿದೆ. ಇದಾದರೂ ಉಳಿಯಿತಲ್ಲ ಎಂದುಕೊಂಡೆ. ಬಾಲ್ಕನಿಯಿಂದ ನೋಡಿದೆ.

ಟೆನಿಸ್ ಬಾಲ್. ಅದಕ್ಕೂ ಕಾಲು ಸರಿಯಿತು. ಹುಡುಗರು ತಮಾಷೆ ಎಂದುಕೊಂಡು ನಕ್ಕರು. ಇನ್ನೊಂದು ಚೆಂಡು. ಮತ್ತೊಂದು. ಆಮೇಲೆ ಯಾರೂ ನಗಲಿಲ್ಲ.

ಮೇ 6

ಚೂಟಿ ಈಗ ಕೆಳಗೆ ಇಳಿಯುವುದೇ ಇಲ್ಲ. ಬಲವಂತ ಮಾಡಿ ಪಾರ್ಕಿಗೆ ಕರೆದುಕೊಂಡು ಹೋದೆವು. ಯಾರದೋ ಪುಟ್ಟ ಮಗುವಿನ ಪ್ಲಾಸ್ಟಿಕ್ ಚೆಂಡು ಪುಟಿಯುತ್ತ ನಮ್ಮ ಕಡೆ ಬಂತು. ಚೂಟಿ ಸರಕ್ಕನೆ ನನ್ನ ಬೆನ್ನ ಹಿಂದೆ. ತೋಳು ಬಿಗಿಯಾಗಿ ಹಿಡಿದಿದ್ದಳು.

"ಏನೂ ಇಲ್ಲ ಮಗಾ," ಎಂದೆ. ಬಗ್ಗಿ ಚೆಂಡು ಎತ್ತಿಕೊಂಡೆ. ಆಚೆ ಆ ಮಗು ಎರಡೂ ಕೈ ಚಾಚಿ ನಿಂತಿತ್ತು, ಎಸೆಯಲಿ ಎಂದು. ನಗುತ್ತಿತ್ತು. ಎಸೆಯಲು ಕೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು; ನಡೆದುಹೋಗಿ ಚೆಂಡನ್ನು ಆ ಮಗುವಿನ ಕೈಗಿಟ್ಟೆ.