ನೀಲಿ ಕುದುರೆಯ ಸಮಾಚಾರ

ಬ್ರಿನ್ ಹೆಲಿಗ್ ಹಳ್ಳಿಯಿಂದ
ಮೇ ೧೨

ಮುದ್ದು ಮೆಲೆರಿ,

ಕಾರ್ಡಿಫ್‌ನಲ್ಲಿ ಕ್ಷೇಮವಷ್ಟೆ? ಉತ್ತರ ತಡವಾಯಿತು, ಬೈಯಬೇಡ. ನಿನ್ನ ಚಿಕ್ಕಪ್ಪ ಪಕ್ಕದಲ್ಲಿ ನಿಲ್ಲದಿದ್ದರೆ ಈ ಕಣಿವೆಯಲ್ಲಿ ಒಂದು ಕುರಿಯೂ ಮರಿ ಹಾಕುವುದಿಲ್ಲ.

ಮದುವೆಯ ದಿನ ಗಾಡಿಗೆ ನಮ್ಮ 'ಗ್ಲಾಸ್' ಕುದುರೆಯನ್ನೇ ಕಟ್ಟಿಸಿ ಎಂದು ಬರೆದಿದ್ದೆಯಲ್ಲ. ಚಾಪೆಲ್ಲಿನೊಳಗೆ ಯಾರ ತೋಳು ಹಿಡಿದು ನಡೆಯುತ್ತೀ ಎಂದು ಮಾತ್ರ ಬರೆದಿರಲಿಲ್ಲ. ನಿನ್ನಪ್ಪ ಇದ್ವಾಲ್ ತೀರಿಹೋದ ಮೇಲೆ ಅವನ ತಮ್ಮನ ತೋಳೇ ತಾನೆ ಎಂದುಕೊಂಡು ನಾನು ಕೋಟು ಬಿಸಿಲಿಗೆ ಹಾಕಿದ್ದೆ.

ನಿನ್ನಮ್ಮನ ಹೊಸ ಗಂಡ ಡೆನಿಸ್ ಬರ್ಮಿಂಗ್‌ಹ್ಯಾಮ್‌ನವನು, ಸಂಜೆ ತರಗತಿಯಲ್ಲಿ ನಮ್ಮ ಭಾಷೆ ಕಲಿತವನು. ಅವನ ಪುಸ್ತಕದಲ್ಲಿ ಗ್ಲಾಸ್ ಎಂದರೆ ನೀಲಿ, ಮುಗಿಯಿತು. ನಮಗೋ ಆಕಾಶವೂ ಗ್ಲಾಸ್, ಗುಡ್ಡದ ಹುಲ್ಲೂ ಗ್ಲಾಸ್, ಬೂದು ಕುದುರೆಯೂ ಗ್ಲಾಸ್. ನಿನ್ನ ಕಾಗದ ಓದಿ ಶನಿವಾರ ಆ ಮಹಾಶಯ ಕುರಿಗೆ ಗುರುತು ಹಾಕುವ ನೀಲಿ ಬಣ್ಣ ತಂದು ನಮ್ಮ ಬೂದು ಕುದುರೆ ಪ್ಲೀಯೆನ್‌ಗೆ ಕಿವಿಯಿಂದ ಬಾಲದವರೆಗೆ ಬಳಿದುಬಿಟ್ಟ!

ನಾನು ಗೋಡೆಯ ಮೇಲೆ ಕೂತು ಪೈಪು ಸೇದುತ್ತಿದ್ದೆ. ಅಂಗಡಿಯ ಮೋರ್ವೆನ್ ಓಡಿ ಬಂದಳು.

"ಅಯ್ಯೋ ಟೆಗಿಡ್, ನೀನಾದ್ರೂ ಹೇಳ್ಬಾರ್ದಿತ್ತಾ?"

"ನನ್ನನ್ಯಾರು ಕೇಳಿದ್ರು? ಪುಸ್ತಕ ಓದಿರೋರು ಅವ್ರು!"

ಊರು ಸೇರಿತು. ತಪ್ಪು ತಿಳಿದಾಗ ಅವನ ಮುಖ ಹೇಗಾಗುತ್ತದೋ ನೋಡೋಣವೆಂದು ನಾನು ಕಾದೆ. ಅವನು ಕುದುರೆಯನ್ನೊಮ್ಮೆ ನೋಡಿ, ಜನರನ್ನೊಮ್ಮೆ ನೋಡಿ, "ನನ್ ಕೈಲಾದಷ್ಟು ಗ್ಲಾಸ್ ಮಾಡಿದೀನಿ ಕಣ್ರಪ್ಪಾ!" ಎಂದ. ಜೀವ ತೇದು ಮಾಡಿದ್ದಕ್ಕೂ ನಾವು ಗ್ಲಾಸ್ ಎನ್ನುವುದನ್ನು ಈ ಕಳ್ಳ ಯಾವಾಗ ಕಲಿತನೋ! ಮೋರ್ವೆನ್ ನಕ್ಕು ನಕ್ಕು ಬಕೆಟ್ಟಿನ ಮೇಲೆ ಕುಸಿದಳು. ನನ್ನ ಜೋಕಿಗೆಲ್ಲ "ಮತ್ತೇನ್ ಬೇಕು?" ಎನ್ನುವ ಹೆಂಗಸು! ಆಮೇಲೆ ಅವಳು ಹಂಚಿದ ಕೇಕಿನಲ್ಲಿ ದಪ್ಪ ತುಂಡು ಅವನಿಗೇ ಹೋಯಿತು.

ನಾನೂ ನಕ್ಕೆ. ಹಲ್ಲು ಮಾತ್ರ ನಗುವ ಆ ನಗೆಯೂ ನಮ್ಮಲ್ಲಿ ಗ್ಲಾಸೇ, ನಿನಗೆ ಗೊತ್ತಲ್ಲ.

ನಿನ್ನ ಮನೆಯ ಒಲೆ ಸದಾ ಬೆಚ್ಚಗಿರಲಿ, ನಿನ್ನ ಹುಡುಗ ನಿನ್ನ ಮಾತು ಕೇಳಲಿ.

ಇತಿ, ನಿನ್ನ
ಟೆಗಿಡ್ ಚಿಕ್ಕಪ್ಪ

ತಾ.ಕ.: ಆಮೇಲೆ ನಿನ್ನಮ್ಮ ಅಂಗಳದಲ್ಲೇ ನಿನಗೆ ಫೋನ್ ಮಾಡಿದಳು. ನಿನ್ನ ನಗು ನಮಗೆಲ್ಲ ಕೇಳಿಸಿತು. "ತೊಳೀಬೇಡಮ್ಮಾ, ನೀಲಿ ಕುದುರೇಲೇ ಬರ್ತೀನಿ. ಚಾಪೆಲ್ ಬಾಗಿಲಲ್ಲಿ ತೋಳು ಕೊಡಕ್ಕೆ ನಿಂತಿರ್ಲಿ ಅಂತ ಅಪ್ಪಂಗೆ ಹೇಳು" ಎಂದೆ. ಅಪ್ಪ ಎಂದೆಯಲ್ಲ, ಇದ್ವಾಲ್ ಬಂದನೇನೋ ಎಂದು ನಾನು ಲಾಯದ ಕಡೆ ತಿರುಗಿ ನೋಡಿದೆ ಮಗಳೇ. ಇತ್ತ ಡೆನಿಸ್, "ಆಗ್ಲಿ ಕಂದಾ" ಎಂದ.