ಲೋಟದೊಳಗಿನ ಐಸು, ಮೆಟ್ಟಿಲ ಮೇಲಿನ ಏಡಿ

ಮಾನ್ಯ ಕಡಲತೀರ ರಕ್ಷಣಾ ವಿಭಾಗದ ಮುಖ್ಯಾಧಿಕಾರಿಗಳೇ,

ಇವತ್ತು ಬೆಳಿಗ್ಗೆ ನಮ್ಮ ಅಂಗಡಿಯ ಬಾಗಿಲು ತೆಗೆದಾಗ ಒಳಗಿನ ಮೆಟ್ಟಿಲ ಮೇಲೆ ಒಂದು ಏಡಿ ಕೂತಿತ್ತು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಮಳೆ ಬಂದು ವಾರಗಳಾಗಿವೆ, ಆಕಾಶದಲ್ಲಿ ಮೋಡದ ಸುಳಿವಿಲ್ಲ. ಆದರೂ ನೆಲದ ಮೇಲೆ ಪಾದ ಮುಳುಗುವಷ್ಟು ಉಪ್ಪುನೀರು ನಿಂತಿತ್ತು. ಚರಂಡಿಯ ಕೊಳವೆ ಹಿಡಿದು ಸಮುದ್ರದಿಂದ ಬಂದ ಈ ಏಡಿ, ದಿನದ ಮೊದಲ ಗಿರಾಕಿಯ ಹಾಗೆ ನಮಗಾಗಿ ಕಾಯುತ್ತಿತ್ತು. ನಿಮ್ಮ ಕಚೇರಿಯ ಪ್ರಕಾರ ಅದು ಬಂದಿಲ್ಲ, ಬರುವುದು ಸಾಧ್ಯವೂ ಇಲ್ಲ. ಕಳೆದ ಅಹವಾಲು ಸಭೆಯಲ್ಲಿ ಒಂದು ಲೋಟ ನೀರು ಮತ್ತು ಒಂದಿಷ್ಟು ಐಸಿನ ತುಂಡುಗಳಿಂದ ನೀವು ಅದನ್ನು ಸಾಬೀತುಪಡಿಸಿ, ನಮ್ಮ ಬೀದಿಯ ಅರ್ಜಿಯನ್ನು ತಳ್ಳಿಹಾಕಿದಿರಿ. ನನ್ನ ದೂರು ಆ ಲೋಟದ ಮೇಲಲ್ಲ, ಅದನ್ನು ನೀವು ಬಳಸಿಕೊಂಡ ರೀತಿಯ ಮೇಲೆ.

ನಾನೂ ಆ ಸಭೆಯಲ್ಲಿದ್ದೆ. ನಿಮಗೆ ನೆನಪಿರಲಾರದು, ನೆನಪಿಡುವಂಥದ್ದನ್ನು ನಾನೇನೂ ಮಾಡಲಿಲ್ಲ. ಅರ್ಜಿದಾರರ ಪಕ್ಕದಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ನಾನು. ಅರ್ಜಿದಾರರು ನನ್ನ ಅಪ್ಪ. ಬಂದರಿನ ಹಿಂದಿನ ತಗ್ಗು ಬೀದಿಯಲ್ಲಿ ಸೋಫಾ ರಿಪೇರಿ ಮಾಡುತ್ತಾರೆ. ಅತ್ತೆ, ಅಂದರೆ ಅಪ್ಪನ ಅಕ್ಕ, ಹೊದಿಕೆಗಳನ್ನು ಹೊಲಿಯುತ್ತಾರೆ. ನಾನು ಸಾಹಿತ್ಯದಲ್ಲಿ ಪದವಿ ಮುಗಿಸಿ, ಸದ್ಯಕ್ಕೆ ಹಳೆಯ ಸೋಫಾಗಳ ಮೊಳೆ ಕೀಳುತ್ತೇನೆ. ನಮ್ಮ ಅಂಗಡಿಯಲ್ಲಿ ಎಲ್ಲವೂ ಇಟ್ಟಿಗೆಯ ಮೇಲೆ ನಿಂತಿದೆ. ಮೊದಲು ಒಂದು ಇಟ್ಟಿಗೆ ಸಾಕಾಗುತ್ತಿತ್ತು, ಈಗ ಮೂರು ಬೇಕು. ಕುಶನ್ ಹೇಗಿದೆ ಎಂದು ನೋಡಲು ಗಿರಾಕಿಗಳು ಸೋಫಾ ಏರಿ ಕೂತರೆ ಅವರ ಕಾಲು ನೆಲ ಮುಟ್ಟುವುದಿಲ್ಲ. ದೊಡ್ಡ ದೊಡ್ಡ ಮನುಷ್ಯರು ಶಾಲೆಯ ಮಕ್ಕಳಂತೆ ಕಾಲು ತೂಗಾಡಿಸುತ್ತ ಚೌಕಾಸಿ ಮಾಡುತ್ತಾರೆ. ಪಕ್ಕದ ಕ್ಷೌರದಂಗಡಿಯ ನೀರು ಇಳಿಯುವಾಗ, ಬೀದಿಯವರೆಲ್ಲರ ಕೂದಲು ಒಟ್ಟಾಗಿ ತೇಲಿಕೊಂಡು ಬಂದು ನಮ್ಮ ಹೊಸ್ತಿಲಿಗೆ ಅಂಟಿಕೊಳ್ಳುತ್ತದೆ. ಹಿಂದೆ ಇದು ವರ್ಷಕ್ಕೊಮ್ಮೆ ಆಗುತ್ತಿತ್ತಂತೆ. ಈಗ ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರ ಬಂದಾಗಲೆಲ್ಲ ಆಗುತ್ತದೆ.

ಅಪ್ಪ ಮೊದಲು ಬರೆದ ಅರ್ಜಿ ತೀರ ಸರಳವಾಗಿತ್ತು. ಸ್ವಾಮಿ, ಉಬ್ಬರದ ಹೊತ್ತಿಗೆ ಚರಂಡಿಯಿಂದ ಸಮುದ್ರದ ನೀರು ಒಳಗೆ ಬರುತ್ತಿದೆ, ಕೊಳವೆಯ ಬಾಯಿಗೆ ನೀರು ಹೊರಗೆ ಮಾತ್ರ ಹೋಗುವಂಥ ಒಮ್ಮುಖದ ಮುಚ್ಚಳ ಹಾಕಿಸಿಕೊಡಿ, ಅಷ್ಟೆ. ನಿಮ್ಮ ಕಚೇರಿ ಅದನ್ನು ಹಿಂದಿರುಗಿಸಿತು. ಷರಾ ಹೀಗಿತ್ತು: ‘ನೀರು ಬರಲು ಕಾರಣವೇನೆಂದು ಅರ್ಜಿದಾರರು ನಮೂದಿಸಿರುವುದಿಲ್ಲ.’ ಕಾರಣ ಹುಡುಕುವುದಕ್ಕೆಂದೇ ಸಂಬಳ ಪಡೆಯುವ ಒಂದು ಇಡೀ ವಿಭಾಗ, ಸೋಫಾ ರಿಪೇರಿಯವರನ್ನು ಕಾರಣ ಕೇಳಿತು. ಅಪ್ಪ ಅದನ್ನು ಗೌರವವೆಂದೇ ತಿಳಿದರು. ಕನ್ನಡಕ ಏರಿಸಿಕೊಂಡು, ಪೇಪರಿನಲ್ಲಿ ಎಂದೋ ಓದಿದ್ದನ್ನು ನೆನಪಿಸಿಕೊಂಡು, ಹೊಸ ಅರ್ಜಿಯ ಮೊದಲ ಸಾಲಿನಲ್ಲೇ ಬರೆದರು: ‘ಧ್ರುವ ಪ್ರದೇಶದ ಸಮುದ್ರದಲ್ಲಿ ತೇಲುತ್ತಿರುವ ಹಿಮ ಕರಗಿ ನೀರಿನ ಮಟ್ಟ ಏರಿರುವುದೇ ಇದಕ್ಕೆ ಕಾರಣ.’ ಬೀದಿಯವರೆಲ್ಲ ಸಹಿ ಹಾಕಿದರು. ಊರಿನ ಸುದ್ದಿಯನ್ನೆಲ್ಲ ಸಾರುವುದರಿಂದ ಟಾಂಟಾಂ ಎಂದೇ ಹೆಸರಾದ ಕ್ಷೌರಿಕ ಮಾಮ, ಇಂಥ ಸಾಲು ಬರೆಯೋಕೆ ತಲೆ ಬೇಕು, ತಲೆಕೂದಲಲ್ಲ ಎಂದು ಹೊಗಳಿಯೂ ಬಿಟ್ಟರು.

ಆಮೇಲೆ ನಿಮ್ಮ ಸಭೆ. ಎರಡನೇ ಮಹಡಿ, ಫ್ಯಾನುಗಳು, ಪ್ಲಾಸ್ಟಿಕ್ ಕುರ್ಚಿಗಳು. ನೀವು ಆ ಮೊದಲ ಸಾಲನ್ನು ಎರಡು ಸಲ ಜೋರಾಗಿ ಓದಿದಿರಿ. ಗಾಜಿನ ಲೋಟ ತರಿಸಿ, ಐಸು ಹಾಕಿಸಿ, ಅಂಚಿನವರೆಗೆ ನೀರು ತುಂಬಿಸಿ ಮೇಜಿನ ಮೇಲಿಟ್ಟು, “ಯಜಮಾನರೇ, ಈ ಐಸ್ ಕರಗಿದಾಗ ಒಂದು ಹನಿ ಚೆಲ್ಲಿದರೂ ನಿಮ್ಮ ಕೆಲಸ ನಾಳೆಯೇ ಮಾಡಿಸ್ತೀನಿ” ಎಂದಿರಿ. ಉಳಿದ ಅರ್ಜಿಗಳು ಒಂದೊಂದಾಗಿ ಮುಗಿದವು, ಐಸು ಕರಗಿತು. ಒಂದು ಹನಿಯೂ ಚೆಲ್ಲಲಿಲ್ಲ. ಜನ ನಕ್ಕರು, ಕೆಲವರು ಚಪ್ಪಾಳೆ ತಟ್ಟಿದರು. ಕಾರಣವೇ ಸುಳ್ಳಾದ ಮೇಲೆ ಅರ್ಜಿ ಎಲ್ಲಿಯದು ಎಂದು ನೀವು ಅಪ್ಪನ ಕಾಗದವನ್ನು ಪಕ್ಕಕ್ಕಿಟ್ಟಿರಿ. ನೆಗಡಿಯಾದವನು ಐಸ್‌ಕ್ರೀಮಿನಿಂದ ಬಂತು ಎಂದು ತಪ್ಪಾಗಿ ಹೇಳಿದರೆ, ಹಾಗಾದರೆ ನಿನ್ನ ಮೂಗು ಸೋರುತ್ತಲೇ ಇಲ್ಲ ಎಂದು ಮನೆಗೆ ಕಳಿಸುವ ವೈದ್ಯರನ್ನು ನೀವು ಎಲ್ಲಾದರೂ ನೋಡಿದ್ದೀರಾ?

ಅಪ್ಪ ಅವತ್ತಿನಿಂದ ಮಾತು ಕಡಿಮೆ ಮಾಡಿದರು. ಗಿರಾಕಿಗಳ ಜೊತೆ ಸ್ಪಂಜು ಒಳ್ಳೆಯದೋ ಹತ್ತಿ ಒಳ್ಳೆಯದೋ ಎಂದು ಗಂಟೆಗಟ್ಟಲೆ ವಾದ ಮಾಡುತ್ತಿದ್ದವರು, ಈಗ ನಿಮಗೆ ಹೇಗೆ ಬೇಕೋ ಹಾಗೆ ಎಂದುಬಿಡುತ್ತಾರೆ. ಹೊಗಳಿದ್ದ ಟಾಂಟಾಂ ಮಾಮನೇ ಅವರಿಗೆ ಧ್ರುವರಾಯ ಎಂದು ಹೆಸರಿಟ್ಟರು. “ಏನ್ ಧ್ರುವರಾಯರೇ, ಇವತ್ತು ಎಷ್ಟು ಕರಗ್ತು?” ಎಂದು ನೀರು ಬಂದಾಗಲೆಲ್ಲ ಕೇಳುತ್ತಾರೆ, ತಾವೇ ಮೊಣಕಾಲವರೆಗೆ ಪ್ಯಾಂಟು ಮಡಿಸಿ ನೀರು ಗೋರುತ್ತ. ಕಳೆದ ವಾರ ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತಲೇ ಹೇಳಿದರು: “ತಿಂಗಳ ಕೊನೆಗೆ ಅಂಗಡಿ ಬಿಟ್ಟುಬಿಡೋಣ. ಓದಿದೋರ ಮುಂದೆ ನಾನು ಬಾಯಿ ಬಿಡಬಾರದಿತ್ತು ಕಣಮ್ಮ.” ನಾನೂ ಓದಿದವಳೇ, ಮಾನ್ಯರೇ. ಆ ಮಾತು ಕೇಳಿದಾಗಿನಿಂದ ಒಂದು ಕಡೆ ಕೂರಲು ಆಗುತ್ತಿಲ್ಲ.

ಹಾಗಾಗಿ ಮನೆಯಲ್ಲಿ ನಾನೂ ಲೋಟ ಇಟ್ಟೆ. ನಿಮ್ಮ ಮಾತು ಸುಳ್ಳಾಗಲಿ ಎಂದು ಆಸೆಪಟ್ಟೇ ಇಟ್ಟೆ. ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತ, ಬಂದು ಬಗ್ಗಿ ನೋಡುತ್ತ, ಮತ್ತೆ ಓಡಾಡುತ್ತ ಕಾದೆ. ಚೆಲ್ಲಲಿಲ್ಲ. ನೀರಿಗೆ ಉಪ್ಪು ಹಾಕಿ ಮತ್ತೊಮ್ಮೆ ಇಟ್ಟೆ. ಸಮುದ್ರ ಉಪ್ಪು, ಹಿಮ ಸಿಹಿನೀರು, ಆದ್ದರಿಂದ ಕರಗಿದಾಗ ಕೂದಲೆಳೆಯಷ್ಟು ಏರುತ್ತದೆ ಎಂದು ಲೈಬ್ರರಿಯ ಪುಸ್ತಕದಲ್ಲಿತ್ತು. ನನ್ನ ಕಣ್ಣಿಗೆ ಕಾಣುವಷ್ಟು ಏರಲಿಲ್ಲ. ಒಪ್ಪಿಕೊಳ್ಳುತ್ತೇನೆ. ತೇಲುವ ಹಿಮ ತನ್ನ ತೂಕದಷ್ಟು ನೀರನ್ನು ಆಗಲೇ ಪಕ್ಕಕ್ಕೆ ತಳ್ಳಿ ಕೂತಿರುತ್ತದೆ, ಕರಗಿದರೆ ಆ ಜಾಗವನ್ನೇ ತುಂಬುತ್ತದೆ. ಅಪ್ಪ ಬರೆದ ಸಾಲು ತಪ್ಪು, ನಿಮ್ಮ ಲೋಟ ಸರಿ.

ಆದರೆ ಭೂಮಿಯ ಹಿಮವೆಲ್ಲ ನಿಮ್ಮ ಲೋಟದೊಳಗೇ ಇದೆಯೇ? ಅದೇ ಪುಸ್ತಕದ ಮುಂದಿನ ಪುಟದಲ್ಲಿ ನೆಲದ ಮೇಲೆ, ಬೆಟ್ಟಗಳ ಮೇಲೆ ಕೂತ ಹಿಮದ ಮಾತಿದೆ. ಅದು ಇನ್ನೂ ಸಮುದ್ರಕ್ಕೆ ಇಳಿದಿಲ್ಲ. ಇಳಿದಷ್ಟೂ ಸಮುದ್ರ ಏರುತ್ತದೆ. ನಾನು ಮೂರನೇ ಲೋಟ ತುಂಬಿಸಿ, ಟೀ ಸೋಸುವ ಜಾಲರಿಯಲ್ಲಿ ಐಸಿಟ್ಟು ಲೋಟದ ಮೇಲೆ ಹಿಡಿದೆ. ಸ್ವಲ್ಪ ಹೊತ್ತಿಗೇ ಮೇಜು ಒದ್ದೆಯಾಯಿತು. ಇದೇನು ಗಲೀಜು ಎಂದು ಬೈಯಲು ಬಂದ ಅತ್ತೆಗೆ ಎಲ್ಲ ವಿವರಿಸಿದೆ. ಅವರು ಸೊಂಟದ ಮೇಲೆ ಕೈಯಿಟ್ಟು ಕೇಳಿ, “ಬಸ್ಸೊಳಗೆ ಕೂತಿದ್ದೋನು ಎದ್ದು ನಿಂತ್ರೆ ರಶ್ಶು ಜಾಸ್ತಿ ಆಗಲ್ಲ. ಮುಂದಿನ ಸ್ಟಾಪಲ್ಲಿ ಹತ್ತೋರನ್ನ ನಿಮ್ಮ ಸಾಹೇಬ್ರು ಲೆಕ್ಕಕ್ಕೇ ಹಿಡಿದಿಲ್ಲ ಅನ್ನು” ಎಂದರು. ಆಮೇಲೆ ಮೇಜು ಒರೆಸಲು ನನ್ನ ಕೈಗೆ ಬಟ್ಟೆ ಕೊಟ್ಟರು.

ತೇಲುವ ಹಿಮವೂ ನೀವು ತಿಳಿದಷ್ಟು ನಿರಪರಾಧಿಯಲ್ಲ. ಅದು ಬೆಳ್ಳಗಿರುವವರೆಗೆ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಅದು ಹೋದಮೇಲೆ ಕೆಳಗಿನ ಕಪ್ಪು ನೀರು ಬಿಸಿಲನ್ನು ಕುಡಿದು ಬೆಚ್ಚಗಾಗುತ್ತದೆ. ಬೆಚ್ಚಗಾದ ನೀರು ಹಿಗ್ಗುತ್ತದೆ. ಕೆಲವು ಕಡೆ ತೇಲುವ ಹಿಮದ ಹಲಗೆಯೇ ನೆಲದ ಹಿಮ ಜಾರಿ ಬೀಳದಂತೆ ಅಡ್ಡ ನಿಂತಿದೆ. ಅಂದರೆ ಅದು ಕಳ್ಳನಲ್ಲದಿರಬಹುದು, ಆದರೆ ಬಾಗಿಲ ಚಿಲಕವಂತೂ ಹೌದು. ಚಿಲಕ ಮುರಿದರೆ ಮನೆಯ ಸಾಮಾನು ಕಡಿಮೆಯಾಗುವುದಿಲ್ಲ ಎಂದು ನೀವು ಲೋಟದಲ್ಲಿ ತೋರಿಸಿದಿರಿ. ಮನೆಯವರು ನಿಶ್ಚಿಂತೆಯಿಂದ ಮಲಗಬಹುದೇ?

ಇನ್ನೊಂದು ಸಣ್ಣ ವಿಷಯ. ಸಭೆಯಲ್ಲಿ ಮಾತಾಡಲು ಧೈರ್ಯ ಸಾಲದವರು ಸುಮ್ಮನೆ ನೋಡುತ್ತ ಕೂತಿರುತ್ತಾರೆ. ಲೋಟವನ್ನು ಮೇಜಿನ ಮೇಲಿಡುವ ಮೊದಲು ನೀವು ಕಡತಗಳನ್ನೆಲ್ಲ ಆಚೆ ಸರಿಸಿದಿರಿ. ಜೇಬಿನಿಂದ ಕರವಸ್ತ್ರ ತೆಗೆದು, ನಾಲ್ಕು ಮಡಿಕೆ ಮಾಡಿ, ಲೋಟದ ಕೆಳಗೆ ಹಾಸಿದಿರಿ. ಒಂದು ಹನಿಯೂ ಚೆಲ್ಲುವುದಿಲ್ಲ ಎಂದು ಅಷ್ಟು ಖಚಿತವಾಗಿ ಗೊತ್ತಿದ್ದವರು ಕರವಸ್ತ್ರ ಯಾಕೆ ಹಾಸಿದಿರಿ? ನಿಮ್ಮನ್ನು ಹಂಗಿಸುತ್ತಿಲ್ಲ. ಅದು ಒಳ್ಳೆಯ ಬುದ್ಧಿಯೇ. ಎಲ್ಲಾದರೂ ಚೆಲ್ಲಿದರೆ ಕಾಗದ ಹಾಳಾಗಬಾರದು ಎಂಬ ಸಹಜ ಎಚ್ಚರ. ನಮ್ಮ ಬೀದಿ ನಿಮ್ಮನ್ನು ಕೇಳುತ್ತಿರುವುದೂ ಆ ಕರವಸ್ತ್ರದಷ್ಟೇ, ಚರಂಡಿಯ ಬಾಯಿಗೆ ಒಂದು ಮುಚ್ಚಳ. ನಿಮ್ಮ ಕಡತಗಳಿಗೆ ಸಿಕ್ಕ ಮರ್ಯಾದೆ ಇಟ್ಟಿಗೆ ಏರಿ ಕೂತ ನಮಗೂ ಸಿಗಬಾರದೇ?

ಆದ್ದರಿಂದ ಆಗ್ರಹವಿಷ್ಟು. ಅಪ್ಪನ ಅರ್ಜಿಯ ಮೊದಲ ಸಾಲನ್ನು ಹೊಡೆದುಹಾಕಿ, ಉಳಿದ ಸಾಲುಗಳನ್ನು ಓದಿ. ಬರುವ ಅಮಾವಾಸ್ಯೆಯ ಉಬ್ಬರದ ಹೊತ್ತಿಗೆ ನಮ್ಮ ಅಂಗಡಿಗೆ ಬಂದು ನಿಂತು ನೋಡಿ. ಬೂಟು ಬಿಚ್ಚಿಡಲು ಒಣ ಜಾಗ ಬೇಕಾದರೆ ಸೋಫಾದ ಮೇಲಿದೆ. ತಿಂಗಳು ಮುಗಿಯುವ ಮೊದಲು ಮುಚ್ಚಳ ಹಾಕಿಸಿ. ಕಾರಣ ಏನೆಂದು ನಿಮ್ಮ ವಿಭಾಗವೇ ನಿಧಾನವಾಗಿ ಹುಡುಕಿಕೊಳ್ಳಲಿ, ನಾವು ಅಡ್ಡಿ ಬರುವುದಿಲ್ಲ.

ಮುಂದಿನ ಅಹವಾಲು ಸಭೆಗೆ ಅಪ್ಪ ಬರುವುದಿಲ್ಲ ಎಂದಿದ್ದಾರೆ. ಕಾಲೇಜಿನ ದಿನಗಳಲ್ಲಿ ಹಾಜರಿ ಕೂಗಿದಾಗ ‘ಬಂದಿದ್ದೇನೆ’ ಎನ್ನುವ ಬದಲು ಕೈ ಮಾತ್ರ ಎತ್ತುತ್ತಿದ್ದವಳು ನಾನು. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ, ಆದರೆ ಈ ಸಲ ಮಾತಾಡುವವಳು ನಾನೇ. ಲೋಟ ತರುತ್ತೇನೆ, ಐಸು ತರುತ್ತೇನೆ, ಅತ್ತೆಯ ಟೀ ಜಾಲರಿಯನ್ನೂ ತರುತ್ತೇನೆ. ನಿಮ್ಮ ಮೇಜಿನ ಮೇಲೆಯೇ ಇಡುತ್ತೇನೆ.

ಕರವಸ್ತ್ರ ಮಾತ್ರ ತರುವುದಿಲ್ಲ.

ಇಂತಿ,
ಸದ್ಯಕ್ಕೆ ಮೂರು ಇಟ್ಟಿಗೆಗಳ ಎತ್ತರದಲ್ಲಿ ಬದುಕುತ್ತಿರುವ,
ಧ್ರುವರಾಯರ ಮಗಳು