ನನ್ನ ಕೋಡ್‌ಗೂ ಒಂದು ತಕರಾರು

ಮನೆಯಿಂದ,
ಮಂಗಳವಾರ, ಮಾರ್ಚ್ ೪

ಪ್ರೀತಿಯ ಅಕ್ಕಾ,

ಒಂದು ಮಾತನ್ನು ಹೇಳದೆಯೇ ಈ ಪತ್ರ ಮುಗಿಸುವವಳಿದ್ದೆ: ನನಗೆ ಹೊಟ್ಟೆಕಿಚ್ಚಾಗಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಮಣಿಕಟ್ಟಿನ ನೋವು ಹೇಗಿದೆ ಹೇಳು. ವರ್ಗವಾಗಿ ಹೋದ ಆಫೀಸಿನಲ್ಲಿ ಕುರ್ಚಿಯ ಎತ್ತರ ಸರಿಮಾಡಿಸಿಕೊಂಡೆಯಾ? ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಕೋಣೆಯ ಕಿಟಕಿ ಪಕ್ಕ ಕುಳಿತು, ಎದುರು ಮನೆಯವರ ಬಟ್ಟೆ ಒಣಗಿದವೋ ಇಲ್ಲವೋ ಎಂದು ನನಗೆ ವರದಿ ಒಪ್ಪಿಸುತ್ತಾಳೆ.

ಈಗ ಆ ವಿಷಯ. ಸಣ್ಣ ಗ್ರಂಥಾಲಯಗಳಿಗೆಂದು ನಾವಿಬ್ಬರೂ ಊಟದ ಮೇಜಿನ ಮೇಲೆ ಬರೆಯತೊಡಗಿದ ತಂತ್ರಾಂಶವನ್ನು, ಯಾರು ಬೇಕಾದರೂ ತಿದ್ದಿ ಕಳಿಸಲಿ ಎಂದು ಮುಕ್ತವಾಗಿಟ್ಟವಳು ನಾನೇ. ಬಂದ ಕೋಡನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಸೇರಿಸಬೇಕೆಂಬ ಕಟ್ಟಳೆ ನಿನ್ನದು. ಹೀಗಿರುವಾಗ ಹಲ್ಲಿನ ಡಾಕ್ಟರಮ್ಮ ಒಬ್ಬಳು ರಜೆಯ ದಿನ ಹವ್ಯಾಸಕ್ಕೆಂದು ಕೋಡ್ ಬರೆದು ಕಳಿಸಿದರೆ ನನಗೇನು ಕಷ್ಟ? ಕಷ್ಟವಾದದ್ದು ಎಲ್ಲರಿಗೂ ಕಾಣುವ ತಂತ್ರಾಂಶದ ಪುಟದಲ್ಲಿ ನೀನು ಅವಳೊಂದಿಗೆ ಮಾಡಿದ ವಾದ ಓದಿ. "ಕೋಡ್ ಒಳಗಿನ ಹೆಸರು ಇಷ್ಟುದ್ದ ಯಾಕೆ, ಮೂರಕ್ಷರ ಸಾಕಲ್ವಾ?" ಎಂದು ಅವಳು. "ನಾಳೆ ಓದೋರು ಅರ್ಥ ಕೇಳೋಕೆ ನಿಮ್ಮ ಕ್ಲಿನಿಕ್ಕಿಗೆ ಬರ್ಬೇಕಾ?" ಎಂದು ನೀನು. "ಬರ್ಲಿ ಬಿಡಿ, ಹಲ್ಲೂ ನೋಡಿ ಕಳಿಸ್ತೀನಿ!" ಓದಿ ನಕ್ಕೆ, ನಕ್ಕದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಸಾಲಿನ ಮೊದಲಲ್ಲಿ ಎಷ್ಟು ಜಾಗ ಬಿಡಬೇಕೆಂಬುದರ ಮೇಲೆ ಮತ್ತೊಂದು ಸುತ್ತು. ಸಾಲಿನ ಕೊನೆಯಲ್ಲಿ ಉಳಿದಿದ್ದ, ಕಣ್ಣಿಗೇ ಕಾಣದ ಒಂದು ಖಾಲಿ ಜಾಗವನ್ನೂ ನೀನು ಹಿಡಿದೆ. ಕೊನೆಗೆ "ಸರಿ, ಇದೊಂದಕ್ಕೆ ಸೋತೆ ಕಣ್ರೀ" ಎಂದೂ ಬರೆದೆ. ನನ್ನೆದುರು ನೀನು ಯಾವತ್ತು ಸೋತಿದ್ದೀಯ?

ಹಿಂದೆ ನಾವೂ ಹೀಗೆಯೇ ಕಿತ್ತಾಡುತ್ತಿದ್ದೆವು. "ಖಾಲಿ ಜಾಗಕ್ಕೂ ಜಗಳವೇನ್ರೇ? ಸೈಟಾದ್ರೂ ಆಗಿದ್ರೆ ಒಂದರ್ಥ" ಎನ್ನುತ್ತಾ ಅಮ್ಮ ನಮ್ಮ ಕಂಪ್ಯೂಟರುಗಳ ನಡುವೆ ತಟ್ಟೆ ತುರುಕುತ್ತಿದ್ದಳು. ನೀನು ಹೋದ ಮೇಲೆ ನಾನು ಕಳಿಸಿದ್ದಕ್ಕೆಲ್ಲ ನಿನ್ನ ಉತ್ತರ ಒಂದೇ: "ಸರಿ." ಅದು ನಂಬಿಕೆಯೇ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಈ ವಯಸ್ಸಿನಲ್ಲಿ ಅಕ್ಕ ತಪ್ಪು ಹುಡುಕಲಿಲ್ಲವೆಂದು ಕೊರಗುವುದು ನಾಚಿಕೆಯ ಸಂಗತಿಯೂ ಹೌದು. ಆದರೂ ಕೇಳುತ್ತೇನೆ, ನೀನು ನನ್ನದನ್ನು ಓದುತ್ತಿದ್ದೀಯಾ? ಆ ಪುಟದಲ್ಲೇ ಕೇಳಿದರೆ ಊರೆಲ್ಲ ಓದುತ್ತದೆ. ಅದಕ್ಕೇ ಈ ಕಾಗದ.

ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳುವುದನ್ನು ಮರೆಯಬೇಡ. ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಜೊತೆಗೆ, ಬೆನ್ನು ನೆಟ್ಟಗಿಟ್ಟು ಕೂರಬೇಕಂತೆ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಓದುತ್ತಿದ್ದೀಯಾ ಎಂದು ಕೇಳಲು ಕಾರಣವಿದೆ. ಹೋದ ವಾರ ಕಳಿಸಿದ್ದರಲ್ಲಿ ಬೇಕೆಂದೇ ನಿನ್ನ ನಿಯಮಗಳನ್ನೆಲ್ಲ ಮುರಿದಿದ್ದೆ: ಅಡ್ಡಾದಿಡ್ಡಿ ಸಾಲುಗಳು, ಒಂದಕ್ಷರದ ಹೆಸರುಗಳು. ನೀನು "ಸರಿ" ಎಂದೆ. ಡಾಕ್ಟರಮ್ಮ ಮಾತ್ರ ನೋಡಿ, "ಇದು ನೀವು ಬರೆದಿದ್ದಾ ಮೇಡಂ? ಹುಷಾರಾಗಿದ್ದೀರಾ?" ಎಂದು ಕೇಳಿದಳು. ಅದನ್ನು ಈಗ ಸರಿಯಾಗಿ ಬರೆದಿದ್ದೇನೆ. ಓದಿ ಒಪ್ಪಬೇಕಾದವರ ಜಾಗದಲ್ಲಿ ಈ ಸಲ ನಿನ್ನ ಹೆಸರಿಲ್ಲ, ಅವಳದಿದೆ. ನಿನಗೂ ಸ್ವಲ್ಪ ಉರಿದರೆ ನನಗೆ ಸಂತೋಷ. ಸಿಟ್ಟಿನಲ್ಲಿ ಬರೆದದ್ದನ್ನು ಅಂದೇ ಕಳಿಸಬಾರದೆಂದು ಈ ಕಾಗದವನ್ನು ಇಟ್ಟುಕೊಳ್ಳುತ್ತಿದ್ದೇನೆ. ಒಂದಕ್ಷರವನ್ನೂ ತಿದ್ದದೆ ಅಂಚೆಗೆ ಹಾಕುವುದು ಶುಕ್ರವಾರ, ಮಾರ್ಚ್ ೭.